ಮಗ್ದಲದ ಮರಿಯಳ ಊರು ಸಿಕ್ಕ ಬಗೆ

ಸುವಾರ್ತೆಗಳಲ್ಲಿ ಹೆಂಗಸರ ಗುರುತು ಸಾಮಾನ್ಯವಾಗಿ ಗಂಡನಿಂದ, ಇಲ್ಲವೇ ಮಕ್ಕಳಿಂದ. ಯೋಹಾನಳು ಹೆರೋದನ ಅಧಿಕಾರಿ ಕೂಜನ ಹೆಂಡತಿ. ಒಬ್ಬ ಮರಿಯಳು ಯಾಕೋಬನ ತಾಯಿ, ಇನ್ನೊಬ್ಬಳು ಕ್ಲೋಪನ ಹೆಂಡತಿ. ಮಗ್ದಲದ ಮರಿಯಳಿಗೆ ಮಾತ್ರ ತಂದೆಯ ಹೆಸರಿಲ್ಲ, ಗಂಡ ಮಕ್ಕಳ ಪ್ರಸ್ತಾಪವಿಲ್ಲ. ಅವಳಿಗಿರುವುದು ಊರಿನ ಹೆಸರೊಂದೇ. ಅವಳ ಹಿನ್ನೆಲೆ ತಿಳಿಯಬೇಕೆಂದರೆ ಆ ಊರನ್ನೇ ಅಗೆಯಬೇಕಿತ್ತು.

ಅಗೆಯುವ ಮೊದಲೇ ಜನ ಕತೆ ಕಟ್ಟಿದ್ದರು. 591ರಲ್ಲಿ ಪೋಪ್ ಒಂದನೇ ಗ್ರೆಗೊರಿ, ಸುವಾರ್ತೆ ಬರೆದ ಲೂಕನು ಹೆಸರು ಹೇಳದೆ ಬಿಟ್ಟಿದ್ದ 'ಪಾಪಿ ಹೆಂಗಸು' ಇವಳೇ ಎಂದು ಪ್ರಸಂಗ ಮಾಡಿದರು. ಆ ಕಳಂಕ ಸಾವಿರದ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಅಂಟಿಕೊಂಡಿತು. 1969ರಲ್ಲಿ ಕ್ಯಾಥೊಲಿಕ್ ಸಭೆ ತನ್ನ ಪಂಚಾಂಗವನ್ನು ಪರಿಷ್ಕರಿಸಿದಾಗ ಇಬ್ಬರನ್ನೂ ಬೇರ್ಪಡಿಸಿತು. ಅವಳಿಗೆ ಅಂಟಿಸಿದ ಆ ಕಳಂಕ ನನಗೆ ದೊಡ್ಡ ಅನ್ಯಾಯವಾಗಿಯೇ ಕಾಣುತ್ತದೆ. ಏಕೆಂದರೆ ಲೂಕ ಅವಳ ಬಗ್ಗೆ ಹೇಳಿದ್ದೇ ಬೇರೆ: ಏಳು ದೆವ್ವಗಳ ಕಾಟದಿಂದ ಬಿಡುಗಡೆ ಪಡೆದವಳು, ಸ್ವಂತ ಆಸ್ತಿಯಿಂದ ಯೇಸುವಿನ ತಂಡಕ್ಕೆ ನೆರವಾದ ಹೆಂಗಸರಲ್ಲಿ ಒಬ್ಬಳು.

ಹಾಗೆ ಕೈಬಿಚ್ಚಿ ಕೊಡುವಷ್ಟು ಹಣ ಆ ಊರಿನಲ್ಲಿತ್ತೇ?

ಗಲಿಲಾಯ ಸರೋವರದ ಪಶ್ಚಿಮ ದಡದಲ್ಲಿ, ತಿಬೇರಿಯದಿಂದ ಐದಾರು ಕಿಲೋಮೀಟರ್ ಉತ್ತರಕ್ಕೆ, 1948ರವರೆಗೂ ಅಲ್-ಮಜ್ದಲ್ ಎಂಬ ಅರಬ್ ಹಳ್ಳಿಯಿತ್ತು. ಹಳೆಯ ಹೆಸರನ್ನು ಉಳಿಸಿಕೊಂಡು ಬಂದದ್ದು ಅದೇ. 1970ರ ದಶಕದಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳಾದ ಕೊರ್ಬೊ ಮತ್ತು ಲೊಫ್ರೆದಾ ಅಲ್ಲಿ ಅಗೆದು, ಪಟ್ಟಣವೊಂದರ ಬೀದಿ, ಕಟ್ಟಡಗಳನ್ನು ಹೊರತೆಗೆದರು. ದೊಡ್ಡ ಸುದ್ದಿ ಬಂದದ್ದು ಮಾತ್ರ 2009ರಲ್ಲಿ, ಅದೂ ಯಾರೂ ಹುಡುಕದೆ. ಹುವಾನ್ ಸೊಲಾನಾ ಎಂಬ ಪಾದ್ರಿಯ ಮುಂದಾಳುತನದಲ್ಲಿ ಪಕ್ಕದ ಜಾಗದಲ್ಲಿ ಯಾತ್ರಿಕರಿಗೆ ಅತಿಥಿಗೃಹ ಕಟ್ಟಲು ಹೊರಟಿದ್ದರು. ಅಂಥ ಜಾಗದಲ್ಲಿ ಪಾಯ ತೆಗೆಯುವ ಮೊದಲು ಪುರಾತತ್ವ ಪರೀಕ್ಷೆ ಆಗಲೇಬೇಕೆಂಬುದು ಇಸ್ರೇಲಿನ ನಿಯಮ. ದಿನಾ ಅವ್ಶಲೋಮ್-ಗೊರ್ನಿ ಮತ್ತು ಅರ್ಫಾನ್ ನಜ್ಜಾರ್ ಅವರ ತಂಡ ಅಗೆಯಿತು. ಹೆಚ್ಚು ಆಳಕ್ಕೆ ಹೋಗುವ ಮೊದಲೇ ಗೋಡೆಯುದ್ದಕ್ಕೂ ಕಲ್ಲಿನ ಆಸನಗಳು, ಬಣ್ಣ ಬಳಿದ ಗಾರೆ, ಮೊಸಾಯಿಕ್ ನೆಲ ಕಾಣಿಸಿದವು. ಅದು ಯೆಹೂದ್ಯರ ಸಭಾಮಂದಿರ. ಕ್ರಿ.ಶ. 29ರಲ್ಲಿ ತಿಬೇರಿಯದಲ್ಲಿ ಟಂಕಿಸಿದ ನಾಣ್ಯವೊಂದೂ ಅಲ್ಲೇ ದೊರೆಯಿತು. ಅದು ಯೇಸುವಿನ ಕಾಲದ್ದೇ ನಾಣ್ಯ.

ಸಭಾಂಗಣದಲ್ಲಿ ಗಿಡ್ಡ ಕಾಲುಗಳ ಕಲ್ಲಿನ ದಿಮ್ಮಿಯೊಂದಿತ್ತು. ಅದರ ಒಂದು ಮುಖದಲ್ಲಿ ಏಳು ಕವಲಿನ ದೀಪಸ್ತಂಭ, ಅದರ ಎರಡೂ ಬದಿಗೆ ಹಿಡಿಗಳಿರುವ ಹೂಜಿಗಳು. ಮೇಲ್ಭಾಗದಲ್ಲಿ ಆರು ಎಸಳಿನ ಹೂವು. ಯೆರೂಸಲೇಮಿನ ದೇವಾಲಯ ಇನ್ನೂ ನಿಂತಿದ್ದಾಗಲೇ ಕೆತ್ತಿದ್ದು. ಬಹುಶಃ ಅದನ್ನು ಕಣ್ಣಾರೆ ಕಂಡವನ ಕೈಕೆಲಸ.

ಸುತ್ತಲೂ ಅಂಗಡಿಸಾಲು, ಶುದ್ಧಿಸ್ನಾನದ ಕೊಳಗಳು, ಮೀನು ಸಂಸ್ಕರಿಸಲು ಬಳಸುತ್ತಿದ್ದರೆಂದು ಅಗೆದವರು ಊಹಿಸುವ ಸಣ್ಣ ತೊಟ್ಟಿಗಳು. ಗ್ರೀಕ್ ಬರಹಗಾರರು ತಾರಿಖೇಯ ಎಂದು ಕರೆದ ಪಟ್ಟಣ ಇದೇ ಎನ್ನುವವರೇ ಹೆಚ್ಚು. ಅಲ್ಲಿನ ಸರೋವರದ ಮೀನು ಉಪ್ಪು ಹಾಕಲು ಬಹಳ ಸೊಗಸಾದದ್ದೆಂದು ಅವರಲ್ಲೊಬ್ಬನಾದ ಸ್ಟ್ರೇಬೊ ಬರೆದಿದ್ದಾನೆ. ಮರಿಯಳ ಮನೆಯವರು ಈ ವ್ಯಾಪಾರದಲ್ಲಿದ್ದರೆಂದು ಯಾವ ಕಲ್ಲೂ ಹೇಳುವುದಿಲ್ಲ. ಆದರೆ ಅವಳು ಹುಟ್ಟಿ ಬೆಳೆದದ್ದು ಬಡ ಬೆಸ್ತರ ಕುಗ್ರಾಮದಲ್ಲಲ್ಲ, ದುಡ್ಡು ಓಡಾಡುತ್ತಿದ್ದ, ಧರ್ಮದ ಆಚರಣೆ ಬಿಗಿಯಾಗಿದ್ದ ಪಟ್ಟಣದಲ್ಲಿ. ಲೂಕನ ಮಾತು ಇಲ್ಲಿ ಸಲೀಸಾಗಿ ಕೂಡುತ್ತದೆ.

2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಅವಳ ಸ್ಮರಣೆಯನ್ನು ಅಪೊಸ್ತಲರಿಗೆ ಸಲ್ಲುವ ಹಬ್ಬದ ಮಟ್ಟಕ್ಕೆ ಏರಿಸಿದರು. ಅಗೆತವೂ ನಿಲ್ಲಲಿಲ್ಲ. 2021ರಲ್ಲಿ, ರಸ್ತೆ ಕಾಮಗಾರಿಗೆ ಮುಂಚಿನ ಉತ್ಖನನದಲ್ಲಿ, ಮೊದಲನೆಯದರಿಂದ 200 ಮೀಟರ್ ಒಳಗೇ ಅದೇ ಕಾಲದ ಇನ್ನೊಂದು ಸಭಾಮಂದಿರ ಸಿಕ್ಕಿತು. ಆ ಕಾಲದ ಎರಡು ಸಭಾಮಂದಿರಗಳು ಒಂದೇ ಊರಿನಲ್ಲಿ ದೊರೆತದ್ದು ಅದೇ ಮೊದಲು.