ಬ್ಯಾಟರಿ ಬರಿದಾದ ಕಾರಿನ ಬಾಗಿಲು ತೆರೆಯುವುದು

ಬ್ಯಾಟರಿ ಬರಿದಾದ ಕಾರಿನ ಬಾಗಿಲು ತೆರೆಯುವುದು ಎಂದರೆ ವಿದ್ಯುತ್ತು ಕುಂದಿ, ರಿಮೋಟ್‌ಗೆ ಸ್ಪಂದಿಸದೆ, ಬೀಗ ಬಿದ್ದ ಸ್ಥಿತಿಯಲ್ಲಿಯೇ ನಿಂತ ಕಾರಿನೊಳಕ್ಕೆ ಹಾನಿಯಿಲ್ಲದೆ ಪ್ರವೇಶಿಸುವ ಕ್ರಮ. ಬಹುತೇಕ ಕಾರುಗಳಲ್ಲಿ ಬ್ಯಾಟರಿಯು ಬಾನೆಟ್ಟಿನ ಕೆಳಗಿದ್ದು, ಬಾನೆಟ್ ಬಿಡಿಸುವ ಹಿಡಿ ಚಾಲಕನ ಆಸನದ ಬಳಿ ಇರುತ್ತದೆ. ಹೀಗಾಗಿ ಬ್ಯಾಟರಿಯನ್ನು ತಲುಪಲು ಬಾಗಿಲು ತೆರೆಯಬೇಕು, ಬಾಗಿಲು ತೆರೆಯಲು ಬ್ಯಾಟರಿ ಬೇಕು ಎಂಬ ಇಕ್ಕಟ್ಟು ಮೇಲ್ನೋಟಕ್ಕೆ ಕಾಣುತ್ತದೆ. ವಾಸ್ತವದಲ್ಲಿ ಹೆಚ್ಚಿನ ಕಾರುಗಳ ಚಾಲಕನ ಬಾಗಿಲಿಗೆ ವಿದ್ಯುತ್ತಿನ ಹಂಗಿಲ್ಲದ ಬೀಗವೊಂದು ಇದ್ದೇ ಇರುತ್ತದೆ. ಅದರ ಬೀಗದ ಕೈ ರಿಮೋಟ್‌ನ ಹೊಟ್ಟೆಯೊಳಗೆ ಅಡಗಿರುತ್ತದೆ.

ಹಿನ್ನೆಲೆ

1983ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಹಾಗೂ ಅದಕ್ಕೂ ಹಿಂದಿನ ಅಂಬಾಸಿಡರ್ ಕಾರುಗಳಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಬಾಗಿಲಿಗೆ ಬೀಗದ ಕೈ ಹಾಕಿ ತಿರುಗಿಸುವುದೊಂದೇ ಅಲ್ಲಿನ ರೂಢಿ. ಎಲ್ಲ ಬಾಗಿಲುಗಳನ್ನು ಒಮ್ಮೆಗೇ ಭದ್ರಪಡಿಸುವ ವಿದ್ಯುತ್ ಬೀಗವನ್ನು ಅಮೆರಿಕದ ಪ್ಯಾಕಾರ್ಡ್ ಕಂಪನಿಯು 1956ರ ಮಾದರಿಗಳಲ್ಲಿ ನೀಡಿತು. ರಿಮೋಟ್‌ನಿಂದ ತೆರೆಯುವ ವ್ಯವಸ್ಥೆಯು 1982ರಲ್ಲಿ ಫ್ರಾನ್ಸಿನ ರೆನೋ ಫ್ಯೂಗೊ ಕಾರಿನೊಂದಿಗೆ ಬಂದಿತು. ಬೀಗದ ಕೈಯನ್ನು ಜೇಬಿನಿಂದ ತೆಗೆಯದೆಯೇ ಬಾಗಿಲು ತೆರೆದು ಗುಂಡಿ ಒತ್ತಿ ಎಂಜಿನ್ ಚಾಲೂ ಮಾಡುವ ಪದ್ಧತಿ ಸಾಮಾನ್ಯವಾದ ಮೇಲೆ, ಲೋಹದ ಕೈಯನ್ನು ವರ್ಷಗಟ್ಟಲೆ ಬಳಸದಿರುವ ಮಾಲೀಕರೇ ಹೆಚ್ಚು. ತಮ್ಮ ಕಾರಿನ ಬಾಗಿಲಿಗೆ ರಂಧ್ರವಿದೆ ಎಂಬುದನ್ನೇ ಅರಿಯದವರೂ ಇದ್ದಾರೆ.

ಬ್ಯಾಟರಿ ಬರಿದಾಗುವ ಬಗೆ

ಕಾರಿನ ಬ್ಯಾಟರಿಯು ಸಾಮಾನ್ಯವಾಗಿ 12 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿ. ಪೂರ್ಣ ಚಾರ್ಜ್ ಆಗಿದ್ದಾಗ ಅದು ಸುಮಾರು 12.6 ವೋಲ್ಟ್ ತೋರಿಸುತ್ತದೆ. ಕಾರು ನಿಂತಿದ್ದರೂ ಕಳ್ಳತನ ತಡೆಯುವ ಅಲಾರಂ, ರಿಮೋಟ್‌ನ ಸಂಕೇತಕ್ಕಾಗಿ ಕಾಯುವ ಗ್ರಾಹಕ, ಗಡಿಯಾರ ಮುಂತಾದವು ಅಲ್ಪ ಪ್ರಮಾಣದ ವಿದ್ಯುತ್ತನ್ನು ಹೀರುತ್ತಲೇ ಇರುತ್ತವೆ. ಈ ಸೋರಿಕೆ 50 ಮಿಲಿಆಂಪಿಯರ್ ಇದ್ದರೆ ದಿನಕ್ಕೆ 1.2 ಆಂಪಿಯರ್-ಗಂಟೆಯಷ್ಟು ವ್ಯಯವಾಗಿ, 35 ಆಂಪಿಯರ್-ಗಂಟೆ ಸಾಮರ್ಥ್ಯದ ಸಣ್ಣ ಕಾರಿನ ಬ್ಯಾಟರಿಯು ಸುಮಾರು 29 ದಿನಗಳಲ್ಲಿ ಬರಿದಾಗುತ್ತದೆ. ಬ್ಯಾಟರಿ ಹಳತಾಗಿದ್ದರೆ ಇದರ ಅರ್ಧದಷ್ಟು ಕಾಲವೂ ತಾಳದು. ಒಳಗಿನ 5 ವ್ಯಾಟ್ ದೀಪವೊಂದನ್ನು ಆರಿಸಲು ಮರೆತರೆ ಮೂರೂವರೆ ದಿನ ಸಾಕು. ಹೆಡ್‌ಲೈಟ್ ಉರಿಯುತ್ತಿದ್ದರೆ ಮೂರು-ನಾಲ್ಕು ಗಂಟೆ.

ಎಂಜಿನ್ ತಿರುಗಿಸಲು ಸ್ಟಾರ್ಟರ್ ಮೋಟಾರಿಗೆ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು, ಬಾಗಿಲಿನ ಬೀಗಕ್ಕೆ ಕೆಲವೇ ಆಂಪಿಯರ್ ಸಾಕು. ಆದುದರಿಂದ ಸ್ಟಾರ್ಟ್ ಆಗದ ಕಾರಿನ ಬೀಗ ಹಲವು ವೇಳೆ ತೆರೆದುಕೊಳ್ಳುತ್ತದೆ. ಬೀಗವೂ ಅಲುಗುತ್ತಿಲ್ಲವೆಂದರೆ ಬ್ಯಾಟರಿ ತಳ ಕಂಡಿದೆ ಎಂದೇ ಅರ್ಥ.

ತುರುವೇಕೆರೆ ಭಾಗದಲ್ಲಿ

ತುಮಕೂರು ಜಿಲ್ಲೆಯ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಕಾರು ದಿನಗಟ್ಟಲೆ ನಿಲ್ಲುವ ಸಂದರ್ಭಗಳು ಹಲವು. ತುರುವೇಕೆರೆ ಪಟ್ಟಣಕ್ಕೆ ರೈಲು ಮಾರ್ಗವಿಲ್ಲ. ಬೆಂಗಳೂರು-ಅರಸೀಕೆರೆ ಮಾರ್ಗದ ರೈಲು ಹಿಡಿಯುವವರು ಬಾಣಸಂದ್ರ, ಅಮ್ಮಸಂದ್ರ ಅಥವಾ ತಿಪಟೂರು ನಿಲ್ದಾಣಕ್ಕೆ ಹೋಗಬೇಕಾಗುತ್ತದೆ. ಬೆಂಗಳೂರಿನಲ್ಲಿ ನೆಲೆಸಿದ ಮಕ್ಕಳು ಊರಿನ ಮನೆಯಲ್ಲಿ ಬಿಟ್ಟುಹೋದ ಕಾರು ಹಬ್ಬದಿಂದ ಹಬ್ಬಕ್ಕೆ ಮಾತ್ರ ಹೊರಬರುವುದೂ ಉಂಟು. ತೋಟದ ಮನೆಯು ಗ್ಯಾರೇಜಿನಿಂದ ದೂರವಿದ್ದಲ್ಲಿ ಮೆಕ್ಯಾನಿಕ್ ಬಂದು ತಲುಪುವವರೆಗೆ ಕಾಯಬೇಕು; ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಡಬೇಕಾದ ಮನೆಯವರಿಗೆ ಆ ಕಾಯುವಿಕೆ ಸಣ್ಣದಲ್ಲ. ಬಯಲಲ್ಲಿ ನಿಂತ ಕಾರಿನ ಬೀಗದ ರಂಧ್ರದೊಳಗೆ ದೂಳು ಸೇರಿ, ಬಳಕೆಯಿಲ್ಲದೆ ತುಕ್ಕು ಹಿಡಿಯುವುದು ಇನ್ನೊಂದು ತೊಡಕು.

ಮೊದಲು ಗಮನಿಸಬೇಕಾದುದು

ರಿಮೋಟ್ ಕೆಲಸ ಮಾಡದಿದ್ದರೆ ಕಾರಿನ ಬ್ಯಾಟರಿಯೇ ಕಾರಣವೆಂದು ತೀರ್ಮಾನಿಸಬಾರದು. ರಿಮೋಟ್‌ನೊಳಗಿನ 3 ವೋಲ್ಟ್‌ನ ಗುಂಡಿ ಆಕಾರದ ಕೋಶ ಮುಗಿದಿದ್ದರೂ ಇದೇ ಲಕ್ಷಣ ಕಾಣುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಮಿನುಗುವ ಕೆಂಪು ದೀಪ ಗಾಜಿನ ಮೂಲಕ ಕಂಡರೆ, ಅಥವಾ ಎರಡನೆಯ ರಿಮೋಟ್‌ಗೆ ಕಾರು ಸ್ಪಂದಿಸಿದರೆ ಕಾರಿನ ಬ್ಯಾಟರಿ ಜೀವಂತವಿದೆ. ಆಗ ಲೋಹದ ಕೈಯಿಂದ ಬಾಗಿಲು ತೆರೆದು, ಹಲವು ಮಾದರಿಗಳಲ್ಲಿ ರಿಮೋಟನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದು ಎಂಜಿನ್ ಚಾಲೂ ಮಾಡಬಹುದು. ರಿಮೋಟ್‌ನೊಳಗಿನ ಗುರುತಿನ ಚಿಪ್‌ಗೆ ಸ್ವಂತ ಕೋಶದ ಅಗತ್ಯವಿಲ್ಲ.

ಲೋಹದ ಬೀಗದ ಕೈ

ರಿಮೋಟ್‌ನ ಬದಿಯಲ್ಲಿ ಅಥವಾ ಹಿಂಬದಿಯಲ್ಲಿರುವ ಸಣ್ಣ ಗುಂಡಿಯನ್ನು ಒತ್ತಿ ಹಿಡಿದು ಎಳೆದರೆ ಲೋಹದ ಕೈ ಹೊರಬರುತ್ತದೆ. ಅದಕ್ಕೆ ಹೊಂದುವ ರಂಧ್ರ ಸಾಮಾನ್ಯವಾಗಿ ಚಾಲಕನ ಬಾಗಿಲಿನಲ್ಲಿ ಮಾತ್ರ ಇರುತ್ತದೆ. ಕೆಲವು ಮಾದರಿಗಳಲ್ಲಿ ರಂಧ್ರವು ಬಾಗಿಲ ಹಿಡಿಯ ತುದಿಯ ಪ್ಲಾಸ್ಟಿಕ್ ಮುಚ್ಚಳದಡಿ ಮರೆಯಾಗಿದ್ದು, ಮುಚ್ಚಳದ ಕೆಳ ಅಂಚಿನ ಸೀಳಿಗೆ ಬೀಗದ ಕೈಯ ತುದಿಯನ್ನೇ ತೂರಿಸಿ ಮೀಟಿದರೆ ಅದು ಬಿಟ್ಟುಕೊಳ್ಳುತ್ತದೆ. ಇನ್ನು ಕೆಲವದರಲ್ಲಿ ಹಿಡಿಯನ್ನು ಎಳೆದು ಹಿಡಿದಾಗ ಮಾತ್ರ ರಂಧ್ರ ಕಾಣುತ್ತದೆ.

ಬೀಗದ ಕೈಯನ್ನು ಪೂರ್ತಿ ಒಳಸೇರಿಸಿ ಮೆಲ್ಲಗೆ ಎರಡೂ ದಿಕ್ಕಿಗೆ ತಿರುಗಿಸಿ ನೋಡಬೇಕು. ಬೀಗ ಬಿಗಿದುಕೊಂಡಿದ್ದರೆ ಬಲಪ್ರಯೋಗ ಸಲ್ಲದು. ಈ ಕೈಗಳು ತೆಳುವಾಗಿದ್ದು, ತಿರುಚಿದರೆ ರಂಧ್ರದೊಳಗೇ ಮುರಿಯಬಹುದು. ಹಾಗಾದರೆ ಉಳಿದಿದ್ದ ಏಕೈಕ ದಾರಿಯೂ ಮುಚ್ಚಿದಂತೆ. ತುಕ್ಕು ಬಿಡಿಸುವ ಸ್ಪ್ರೇ ಅಥವಾ ಗ್ರಾಫೈಟ್ ಪುಡಿಯನ್ನು ರಂಧ್ರಕ್ಕೆ ಹಾಕಿ, ಕೆಲವು ನಿಮಿಷ ಬಿಟ್ಟು, ಬೀಗದ ಕೈಯನ್ನು ಹಲವು ಬಾರಿ ಒಳಹೊರಗೆ ಆಡಿಸುವುದು ಸರಿಯಾದ ಕ್ರಮ. ಮನೆಯಲ್ಲಿ ಸುಲಭವಾಗಿ ಸಿಗುವ ಕೊಬ್ಬರಿ ಎಣ್ಣೆ ಇದಕ್ಕೆ ಹೊಂದದು: ಅದು ದೂಳನ್ನು ಹಿಡಿದುಕೊಂಡು ಜಿಡ್ಡುಗಟ್ಟುತ್ತದೆ, ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ.

ಹೀಗೆ ತೆರೆಯುವುದು ಚಾಲಕನ ಬಾಗಿಲು ಮಾತ್ರ. ಉಳಿದ ಬಾಗಿಲುಗಳನ್ನು ಒಳಗಿನಿಂದ ಕೈಯಾರೆ ಬಿಡಿಸಬೇಕು. ಡಿಕ್ಕಿಗೆ ವಿದ್ಯುತ್ ಬೀಗವಷ್ಟೇ ಇದ್ದರೆ ಹಿಂದಿನ ಆಸನ ಮಡಚಿ ಒಳಗಿನಿಂದ ತಲುಪಬೇಕಾಗುತ್ತದೆ. ಬಾನೆಟ್ಟಿನ ಹಿಡಿ ತಂತಿಯಿಂದ ಕೆಲಸ ಮಾಡುವುದರಿಂದ ಅದಕ್ಕೆ ಬ್ಯಾಟರಿ ಬೇಕಿಲ್ಲ.

ಬೀಗದ ಕೈ ಲಭ್ಯವಿಲ್ಲದಾಗ

ಬೀಗದ ಕೈ ಒಳಗೇ ಉಳಿದು ಬ್ಯಾಟರಿಯೂ ಬರಿದಾದರೆ, ನುರಿತ ಮೆಕ್ಯಾನಿಕ್‌ಗಳು ಬಾಗಿಲ ಚೌಕಟ್ಟಿನ ಮೇಲ್ಮೂಲೆಯಲ್ಲಿ ಗಾಳಿ ತುಂಬುವ ಚೀಲವನ್ನಿಟ್ಟು ಸಣ್ಣ ಸಂದು ಮಾಡಿ, ಉದ್ದನೆಯ ಕಂಬಿಯನ್ನು ಒಳಗಿಳಿಸುತ್ತಾರೆ. ಕಂಬಿಯಿಂದ ಬೀಗ ತೆರೆಯುವ ವಿದ್ಯುತ್ ಗುಂಡಿಯನ್ನು ಒತ್ತಿ ಇಲ್ಲಿ ಪ್ರಯೋಜನವಿಲ್ಲ. ಬೀಗದ ಮೊಳೆಯನ್ನು ಎತ್ತಬೇಕು ಅಥವಾ ಒಳಗಿನ ಹಿಡಿಯನ್ನು ಎಳೆಯಬೇಕು. ಹಲವು ಕಾರುಗಳಲ್ಲಿ ಒಳಗಿನ ಹಿಡಿಯನ್ನು ಎರಡು ಸಲ ಎಳೆದರೆ ಬೀಗ ಬಿಡುತ್ತದೆ. ಗಾಜಿನ ಸಂದಿಯಿಂದ ಬಾಗಿಲ ಒಡಲೊಳಗೆ ಸ್ಕೇಲಿನಂಥ ಪಟ್ಟಿ ಇಳಿಸುವ ಹಳೆಯ ವಿಧಾನ ಹೊಸ ಕಾರುಗಳಿಗೆ ತಕ್ಕುದಲ್ಲ, ಏಕೆಂದರೆ ಅಲ್ಲಿ ವಿದ್ಯುತ್ ತಂತಿಗಳು, ಕೆಲವೆಡೆ ಏರ್‌ಬ್ಯಾಗ್ ಸಂವೇದಕವೂ ಇರುತ್ತವೆ.

ಮತ್ತೊಂದು ಉಪಾಯವೆಂದರೆ ಕಾರಿನ ಕೆಳಗಿನಿಂದ ಸ್ಟಾರ್ಟರ್ ಮೋಟಾರಿನ ಧನ ತುದಿಗೂ ಎಂಜಿನ್ನಿನ ಲೋಹಭಾಗಕ್ಕೂ ಹೊರಗಿನ 12 ವೋಲ್ಟ್ ಬ್ಯಾಟರಿಯನ್ನು ಜೋಡಿಸಿ, ಬೀಗಕ್ಕೆ ಬೇಕಾದಷ್ಟು ವಿದ್ಯುತ್ತನ್ನು ಒದಗಿಸುವುದು. ಶಾರ್ಟ್ ಸರ್ಕ್ಯೂಟ್ ಆಗುವ ಅಪಾಯವಿರುವುದರಿಂದ, ಹಾಗೂ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತೂರುವುದು ಪ್ರಾಣಾಂತಕವಾದುದರಿಂದ, ಇದು ಬಲ್ಲವರ ಕೆಲಸ.

ಒಳಗೆ ಮಗು ಸಿಲುಕಿದ್ದರೆ

ಈ ಸಂದರ್ಭದಲ್ಲಿ ಮೇಲಿನ ಯಾವ ಕ್ರಮಕ್ಕೂ ಕಾಯುವಂತಿಲ್ಲ. ಬಿಸಿಲಲ್ಲಿ ಗಾಜು ಮುಚ್ಚಿ ನಿಂತ ಕಾರಿನ ಒಳಗಿನ ಉಷ್ಣತೆಯು ಹತ್ತು ನಿಮಿಷಗಳಲ್ಲಿ ಸುಮಾರು 10 ಡಿಗ್ರಿ, ಒಂದು ಗಂಟೆಯಲ್ಲಿ ಸುಮಾರು 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ. 2025ರ ಮೇ ತಿಂಗಳಲ್ಲಿ ಆಂಧ್ರಪ್ರದೇಶದ ವಿಜಯನಗರಂ ಜಿಲ್ಲೆಯ ದ್ವಾರಪುಡಿಯಲ್ಲಿ, ನಿಂತಿದ್ದ ಕಾರಿನೊಳಗೆ ಆಡಲು ಹೋದ ನಾಲ್ವರು ಮಕ್ಕಳು ಬಾಗಿಲು ಮುಚ್ಚಿಕೊಂಡು ಮೃತಪಟ್ಟರು. ಹಿಂಬಾಗಿಲಿಗೆ ಮಕ್ಕಳ ಸುರಕ್ಷತಾ ಬೀಗ ಹಾಕಿದ್ದರೆ ಒಳಗಿನ ಹಿಡಿಯಿಂದ ಆ ಬಾಗಿಲು ತೆರೆಯದು.

112ಕ್ಕೆ ಕರೆ ಮಾಡುತ್ತಲೇ, ಮಗುವಿನಿಂದ ದೂರವಿರುವ ಪಕ್ಕದ ಗಾಜನ್ನು ಒಡೆಯಬೇಕು. ಮುಂದಿನ ದೊಡ್ಡ ಗಾಜು ಪದರಗಳನ್ನು ಅಂಟಿಸಿ ಮಾಡಿದ್ದಾದ್ದರಿಂದ ಸುಲಭವಾಗಿ ಒಡೆಯದು. ಪಕ್ಕದ ಗಾಜು ಸಾಮಾನ್ಯವಾಗಿ ಹದಗೊಳಿಸಿದ ಗಾಜಾಗಿದ್ದು, ಅದರ ಮೂಲೆಗೆ ಚೂಪಾದ ಗಟ್ಟಿ ವಸ್ತುವಿನಿಂದ ಹೊಡೆದರೆ ಪುಡಿಯಾಗಿ ಉದುರುತ್ತದೆ.

ವಿದ್ಯುತ್ ಚಾಲಿತ ಕಾರುಗಳು

ಓಡಿಸುವ ದೊಡ್ಡ ಬ್ಯಾಟರಿ ತುಂಬಿದ್ದರೂ ಈ ಕಾರುಗಳ ಬಾಗಿಲು ತೆರೆಯದಿರಬಹುದು, ಏಕೆಂದರೆ ಬೀಗ, ದೀಪ ಮೊದಲಾದವು ಪ್ರತ್ಯೇಕವಾದ ಸಣ್ಣ ಬ್ಯಾಟರಿಯನ್ನು ಅವಲಂಬಿಸಿವೆ. ಹೊರಗೆ ರಂಧ್ರವೇ ಇಲ್ಲದ ಮಾದರಿಗಳಲ್ಲಿ ತೊಂದರೆ ಗಂಭೀರವಾದುದು. ಹೊರಗಿನ ಹಿಡಿಗಳು ಸ್ಪಂದಿಸದೆ ಪೋಷಕರು ಗಾಜು ಒಡೆದು ಮಕ್ಕಳನ್ನು ಹೊರತೆಗೆಯಬೇಕಾಯಿತೆಂಬ ದೂರುಗಳ ಮೇಲೆ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯು 2025ರ ಸೆಪ್ಟೆಂಬರ್‌ನಲ್ಲಿ 2021ರ ಟೆಸ್ಲಾ ಮಾಡೆಲ್ ವೈ ಕಾರುಗಳ ತನಿಖೆ ಆರಂಭಿಸಿತು.

ತೆರೆದ ಬಳಿಕ

ವಿದ್ಯುತ್ತು ಮರಳಿದೊಡನೆ ಅಲಾರಂ ಕೂಗಬಹುದು. ರಿಮೋಟ್‌ನ ಗುಂಡಿ ಒತ್ತಿದರೆ ಅದು ನಿಲ್ಲುತ್ತದೆ. ಜಂಪರ್ ಕೇಬಲ್ ಜೋಡಿಸುವಾಗ ಕೆಂಪು ತಂತಿಯನ್ನು ಮೊದಲು ಬರಿದಾದ ಬ್ಯಾಟರಿಯ ಧನ ತುದಿಗೆ, ನಂತರ ನೆರವಿನ ಬ್ಯಾಟರಿಯ ಧನ ತುದಿಗೆ ಹಾಕಬೇಕು. ಕಪ್ಪು ತಂತಿಯನ್ನು ನೆರವಿನ ಬ್ಯಾಟರಿಯ ಋಣ ತುದಿಗೆ ಹಾಕಿ, ಅದರ ಕೊನೆಯನ್ನು ಕೆಟ್ಟು ನಿಂತ ಕಾರಿನ ಎಂಜಿನ್ನಿನ ಬರಿಯ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಕಚ್ಚಿಸಬೇಕು. ಬ್ಯಾಟರಿಯಿಂದ ಹೊಮ್ಮುವ ಜಲಜನಕಕ್ಕೆ ಕಿಡಿ ತಾಗದಿರಲಿ ಎಂಬುದೇ ಈ ಅನುಕ್ರಮದ ಉದ್ದೇಶ. ತೋಟದಲ್ಲಿರುವ 12 ವೋಲ್ಟ್‌ನ ಟ್ರ್ಯಾಕ್ಟರ್ ಬ್ಯಾಟರಿ ಈ ನೆರವಿಗೆ ಒದಗುತ್ತದೆ. ಕಾಯಿ ತುಂಬಲು ಬಂದ ಭಾರಿ ಲಾರಿಯಿಂದ ವಿದ್ಯುತ್ತು ಪಡೆಯುವ ಮುನ್ನ ವಿಚಾರಿಸಬೇಕು. ಅಂಥ ಹಲವು ಲಾರಿಗಳದು 24 ವೋಲ್ಟ್ ವ್ಯವಸ್ಥೆಯಾಗಿದ್ದು, ಕಾರಿನ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗಬಹುದು. ತಳ್ಳಿ ಸ್ಟಾರ್ಟ್ ಮಾಡುವ ರೂಢಿಯು ಪೂರ್ತಿ ಬರಿದಾದ ಬ್ಯಾಟರಿಗೆ ಹಾಗೂ ಆಟೊಮ್ಯಾಟಿಕ್ ಗೇರಿನ ಕಾರುಗಳಿಗೆ ಅನ್ವಯಿಸದು.

ವಾರಗಟ್ಟಲೆ ನಿಲ್ಲಿಸುವ ಕಾರಿನ ಬ್ಯಾಟರಿಯ ಋಣ ತುದಿಯನ್ನು ಕಳಚಿಡುವವರಿದ್ದಾರೆ. ಇದರಿಂದ ಸೋರಿಕೆ ನಿಲ್ಲುತ್ತದೆ. ಆದರೆ ಆ ಕ್ಷಣದಿಂದ ರಿಮೋಟ್ ನಿರುಪಯುಕ್ತವಾಗುವುದರಿಂದ, ಬಾಗಿಲಿಗೆ ಬೀಗ ಹಾಕುವುದೂ ತೆಗೆಯುವುದೂ ಲೋಹದ ಕೈಯಿಂದಲೇ ಆಗಬೇಕು. ತಂತಿ ಕಳಚುವ ಮೊದಲೇ ಆ ಕೈಯನ್ನು ಚಾಲಕನ ಬಾಗಿಲಿಗೆ ಹಾಕಿ, ಅದು ಸರಾಗವಾಗಿ ತಿರುಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕಾಗುತ್ತದೆ.