ಗಾಳಿಸುದ್ದಿಗೂ ಒಂದು ಬೆಲೆ ಇದೆ: ಸೂಪರ್‌ಹೀರೋ ಕಾಮಿಕ್ಸ್ ಕಲಿಸುವ ವಾಣಿಜ್ಯ ಪಾಠ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಸೂಪರ್‌ಮ್ಯಾನ್, ಸ್ಪೈಡರ್‌ಮ್ಯಾನ್, ಎಕ್ಸ್-ಮೆನ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಸಿನಿಮಾ ನೆನಪಾಗುತ್ತದೆ. ಆದರೆ ಈ ಪಾತ್ರಗಳೆಲ್ಲ ಹುಟ್ಟಿದ್ದು ಅಮೆರಿಕದಲ್ಲಿ, ತಿಂಗಳಿಗೊಮ್ಮೆ ಬರುವ ತೆಳ್ಳನೆಯ ಬಣ್ಣದ ಪುಸ್ತಕಗಳಲ್ಲಿ. ಆ ಪುಸ್ತಕಗಳು ಈಗಲೂ ಬರುತ್ತಿವೆ. ಅವುಗಳ ಅಭಿಮಾನಿಗಳು ಒಂದೆಡೆ ಸೇರಿದರೆ ಎರಡು ವಿಷಯಗಳ ಬಗ್ಗೆ ಮಾತನಾಡದೆ ಇರುವುದಿಲ್ಲ. ಒಂದು, ಹಿಂದೆ ಯಾರು ಬರೆಯುತ್ತಿದ್ದಾಗ ಕಥೆ ಚೆನ್ನಾಗಿತ್ತು ಎಂಬುದು. ಇನ್ನೊಂದು, ಮುಂದೆ ಏನಾಗಲಿದೆಯಂತೆ, ಯಾರು ಸಾಯುತ್ತಾರಂತೆ, ಯಾವ ಲೇಖಕ ಯಾವ ಕಂಪನಿಗೆ ಹೋಗುತ್ತಾನಂತೆ ಎಂಬುದು. ಈ ಎರಡನೆಯ ಮಾತು ಬರೀ ಹರಟೆಯಂತೆ ಕಾಣುತ್ತದೆ. ಆದರೆ 1990ರ ದಶಕದಲ್ಲಿ ಇದೇ 'ಅಂತೆ ಕಂತೆ'ಯನ್ನು ನಂಬಿ ಸಾವಿರಾರು ಜನ ಹಣ ಹಾಕಿದರು, ಸಾವಿರಾರು ಅಂಗಡಿಗಳು ಮುಚ್ಚಿದವು. ಅದು ಹೇಗಾಯಿತು ಎಂದು ನಮ್ಮ ತರಗತಿಯಲ್ಲಿ ಕಲಿಯುವ ಪದಗಳಲ್ಲೇ ವಿವರಿಸಲು ಇಲ್ಲಿ ಪ್ರಯತ್ನಿಸಿದ್ದೇನೆ.

ಮೊದಲು, 'ರನ್' ಎಂದರೇನು?

ಇದು ಕ್ರಿಕೆಟ್‌ನ ರನ್ ಅಲ್ಲ. ಅಮೆರಿಕದ ಸೂಪರ್‌ಹೀರೋ ಪಾತ್ರಗಳ ಮಾಲೀಕತ್ವ ಸಾಮಾನ್ಯವಾಗಿ ಕಂಪನಿಯದ್ದು, ಲೇಖಕನದ್ದಲ್ಲ. ಆದ್ದರಿಂದ ಪಾತ್ರ ಅದೇ ಇರುತ್ತದೆ, ಬರೆಯುವವರು ಮತ್ತು ಚಿತ್ರ ಬಿಡಿಸುವವರು ಬದಲಾಗುತ್ತಿರುತ್ತಾರೆ. ಒಬ್ಬರು ಅಥವಾ ಒಂದು ಜೋಡಿ ಸತತವಾಗಿ ಮಾಡಿದ ಸಂಚಿಕೆಗಳ ಗುಂಪನ್ನು ಅಭಿಮಾನಿಗಳು 'ರನ್' ಎನ್ನುತ್ತಾರೆ. ನಾವು ಕ್ರಿಕೆಟ್‌ನಲ್ಲಿ ಧೋನಿ ಕಾಲದ ತಂಡ, ಕೊಹ್ಲಿ ಕಾಲದ ತಂಡ ಎಂದು ವಾದ ಮಾಡುವುದಿಲ್ಲವೇ, ಹಾಗೆಯೇ ಇದು.

ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ 1961ರಿಂದ ಶುರುಮಾಡಿ 'ಫೆಂಟಾಸ್ಟಿಕ್ ಫೋರ್'ನ 102 ಸಂಚಿಕೆಗಳನ್ನು ಒಟ್ಟಿಗೆ ಮಾಡಿದರು. ಕ್ರಿಸ್ ಕ್ಲೇರ್‌ಮಾಂಟ್ 1975ರಿಂದ 1991ರವರೆಗೆ, ಸುಮಾರು 16 ವರ್ಷ, 'ಎಕ್ಸ್-ಮೆನ್' ಬರೆದರು. ಅವರು ಕೈಗೆತ್ತಿಕೊಂಡಾಗ ಅದು ಹೊಸ ಕಥೆಗಳಿಲ್ಲದೆ ವರ್ಷಗಟ್ಟಲೆ ಮೂಲೆ ಸೇರಿದ್ದ ಪುಸ್ತಕ. ಅವರು ಬಿಡುವಾಗ ಅಮೆರಿಕದಲ್ಲೇ ಹೆಚ್ಚು ಮಾರಾಟವಾಗುವ ಪುಸ್ತಕಗಳಲ್ಲಿ ಒಂದಾಗಿತ್ತು. ಬ್ರಯನ್ ಮೈಕೆಲ್ ಬೆಂಡಿಸ್ ಮತ್ತು ಮಾರ್ಕ್ ಬ್ಯಾಗ್ಲಿ 2000ದಿಂದ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್'ನ 111 ಸಂಚಿಕೆಗಳನ್ನು ಸತತವಾಗಿ ಮಾಡಿದರು.

ಮಾಲೀಕತ್ವ ಕಂಪನಿಯದ್ದು ಎಂಬುದರ ಅರ್ಥ ತಿಳಿಯಲು ಒಂದೇ ಉದಾಹರಣೆ ಸಾಕು. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯುವಕರು 1938ರಲ್ಲಿ ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರ್‌ಗೆ ಮಾರಿಬಿಟ್ಟರು. ಆ ಪಾತ್ರ ಮೊದಲು ಕಾಣಿಸಿಕೊಂಡ 'ಆ್ಯಕ್ಷನ್ ಕಾಮಿಕ್ಸ್' 1ನೇ ಸಂಚಿಕೆಯ ಮುಖಬೆಲೆ ಆಗ 10 ಸೆಂಟ್. 2024ರಲ್ಲಿ ಅದರ ಒಂದೇ ಒಂದು ಪ್ರತಿ ಹರಾಜಿನಲ್ಲಿ 60 ಲಕ್ಷ ಡಾಲರ್‌ಗೆ ಹೋಯಿತು.

ಹಳೆಯ ಪುಸ್ತಕಕ್ಕೆ ಇಷ್ಟು ಬೆಲೆ ಏಕೆ?

ಹಳೆಯದು ಎಂಬ ಕಾರಣಕ್ಕಲ್ಲ. ಉತ್ತರ ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲೇ ಇದೆ: ಪೂರೈಕೆ ಕಡಿಮೆ, ಬೇಡಿಕೆ ಹೆಚ್ಚು. ಆ ಕಾಲದ ಮಕ್ಕಳು ಕಾಮಿಕ್ಸ್ ಓದಿ, ಮಡಚಿ ಜೇಬಿಗಿಟ್ಟು, ಗೆಳೆಯರಿಗೆ ಕೊಟ್ಟು, ಕೊನೆಗೆ ಎಸೆಯುತ್ತಿದ್ದರು. ಎರಡನೇ ಮಹಾಯುದ್ಧದ ಸಮಯದಲ್ಲಿ ರದ್ದಿ ಕಾಗದ ಸಂಗ್ರಹಿಸುವ ಅಭಿಯಾನಗಳಿಗೂ ಎಷ್ಟೋ ಹೋದವು. ಯಾರೂ ಬೆಲೆ ಬರುತ್ತದೆ ಎಂದು ಎತ್ತಿಡಲಿಲ್ಲ. ಯಾರೂ ಎತ್ತಿಡದಿದ್ದರಿಂದಲೇ ಬೆಲೆ ಬಂತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ರಾಜ್ಯಕ್ಕೂ ಇಂಥ ಒಂದು ನಂಟು ಇದೆ. 'ಅಮರ ಚಿತ್ರ ಕಥೆ'ಯ ಮೂಲ ಪಟ್ಟಿಯಲ್ಲಿ 'ಕೃಷ್ಣ'ನ ಸಂಖ್ಯೆ 11. ಮೊದಲ 10 ಸಂಖ್ಯೆಗಳು ಎಲ್ಲಿ ಹೋದವು? ಅವು 1960ರ ದಶಕದಲ್ಲಿ ಕನ್ನಡದಲ್ಲಿ ಬಂದ ವಿದೇಶಿ ಕಥೆಗಳ ಪುಸ್ತಕಗಳು. ಅಂದರೆ ಭಾರತದ ಅತ್ಯಂತ ಪ್ರಸಿದ್ಧ ಕಾಮಿಕ್ಸ್ ಮಾಲೆ ಕನ್ನಡದಲ್ಲೇ ಶುರುವಾಯಿತು.

ಮಾರಾಟದ ಎರಡು ವಿಧಾನಗಳು

ನಮ್ಮ ಮಾಮೂ ಒಬ್ಬರಿಗೆ ಪತ್ರಿಕೆಗಳ ಚಿಕ್ಕ ಅಂಗಡಿ ಇದೆ. ಮಾರಾಟವಾಗದೆ ಉಳಿದ ವಾರಪತ್ರಿಕೆಗಳನ್ನು ಅವರು ಏಜೆಂಟರಿಗೆ ವಾಪಸ್ ಕೊಡುತ್ತಾರೆ. ಆದ್ದರಿಂದ ನಷ್ಟದ ಭಯ ಕಡಿಮೆ. ಅಮೆರಿಕದಲ್ಲೂ ಕಾಮಿಕ್ಸ್ ಬಹಳ ಕಾಲ ಹೀಗೆಯೇ ಮಾರಾಟವಾಗುತ್ತಿತ್ತು. ಉಳಿದದ್ದರ ನಷ್ಟ ಪ್ರಕಾಶಕನದ್ದು.

1970ರ ದಶಕದ ಆರಂಭದಲ್ಲಿ ಫಿಲ್ ಸೂಲಿಂಗ್ ಎಂಬ ನ್ಯೂಯಾರ್ಕ್‌ನ ಶಿಕ್ಷಕರು ಪ್ರಕಾಶಕರ ಮುಂದೆ ಹೊಸ ಲೆಕ್ಕ ಇಟ್ಟರು: 'ನನಗೆ ರಿಯಾಯಿತಿ ಹೆಚ್ಚು ಕೊಡಿ, ಉಳಿದದ್ದನ್ನು ನಾನು ವಾಪಸ್ ಕೊಡುವುದಿಲ್ಲ' ಎನ್ನುವುದು ಅದರ ಸಾರ. ಪ್ರಕಾಶಕರು ಒಪ್ಪಿದರು. ಹೀಗೆ ಕಾಮಿಕ್ಸ್‌ಗಾಗಿಯೇ ಪ್ರತ್ಯೇಕ ಅಂಗಡಿಗಳು ಬೆಳೆದವು. ಅಂಗಡಿಯವನಿಗೆ ಲಾಭದ ಅಂಶ ಹೆಚ್ಚಾಯಿತು. ಉಳಿದ ಪ್ರತಿಗಳನ್ನು ಇಟ್ಟುಕೊಂಡು ಮುಂದೆ ಹೆಚ್ಚಿನ ಬೆಲೆಗೆ ಮಾರುವ ಅವಕಾಶವೂ ಸಿಕ್ಕಿತು. ಆದರೆ ಅಪಾಯವೂ ಪ್ರಕಾಶಕನಿಂದ ಅಂಗಡಿಯವನ ತಲೆಗೆ ಬಂತು.

ಇಲ್ಲಿ ಒಂದು ಸೂಕ್ಷ್ಮವಿದೆ. ಅಂಗಡಿಯವನು ಪುಸ್ತಕ ಬರುವುದಕ್ಕೆ ತಿಂಗಳುಗಳ ಮೊದಲೇ ಎಷ್ಟು ಪ್ರತಿ ಬೇಕೆಂದು ಆರ್ಡರ್ ಕೊಡಬೇಕು. ಆಗ ಅವನ ಕೈಯಲ್ಲಿ ಪುಸ್ತಕ ಇರುವುದಿಲ್ಲ. ಇರುವುದು ಪ್ರಕಾಶಕರ ಎರಡು ಸಾಲಿನ ಜಾಹೀರಾತು ಮತ್ತು ಗ್ರಾಹಕರು ತಂದ ಗಾಳಿಸುದ್ದಿ ಮಾತ್ರ. ಇನ್ನೊಂದು ವಿಷಯ, ಕಾಮಿಕ್ಸ್ 'ಮಾರಾಟ'ದ ಅಂಕಿ ಎಂದು ಪ್ರಕಟವಾಗುವುದು ಸಾಮಾನ್ಯವಾಗಿ ಅಂಗಡಿಗಳಿಗೆ ಹೋದ ಪ್ರತಿಗಳ ಲೆಕ್ಕ. ಓದುಗರು ಕೊಂಡ ಪ್ರತಿಗಳ ಲೆಕ್ಕವಲ್ಲ.

ಗಾಳಿಗೆ ಬೆಂಕಿ ಸಿಕ್ಕಾಗ

ಹಳೆಯ ಕಾಮಿಕ್ಸ್‌ಗೆ ಭಾರೀ ಬೆಲೆ ಬಂತೆಂದು ಸುದ್ದಿಯಾದ ಮೇಲೆ, 1990ರ ಹೊತ್ತಿಗೆ ಓದದವರೂ ಕೊಳ್ಳಲು ಬಂದರು. ಪ್ರಕಾಶಕರು ಇದನ್ನು ಚೆನ್ನಾಗಿ ಬಳಸಿಕೊಂಡರು. 1991ರಲ್ಲಿ ಬಂದ ಹೊಸ 'ಎಕ್ಸ್-ಮೆನ್' 1ನೇ ಸಂಚಿಕೆಗೆ ಐದು ಬೇರೆ ಬೇರೆ ಮುಖಪುಟ ಹಾಕಿದರು. ಒಳಗಿನ ಕಥೆ ಒಂದೇ. 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಅಂಗಡಿಗಳಿಗೆ ಹೋದವು, ಅದು ದಾಖಲೆ. ಅದೇ ವರ್ಷದ 'ಎಕ್ಸ್-ಫೋರ್ಸ್' 1ನೇ ಸಂಚಿಕೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿ, ಒಳಗೆ ಐದರಲ್ಲಿ ಒಂದು ಕಾರ್ಡ್ ಇಟ್ಟರು. ಐದೂ ಕಾರ್ಡ್ ಬೇಕಾದರೆ ಒಂದೇ ಪುಸ್ತಕವನ್ನು ಐದು ಬಾರಿ ಕೊಳ್ಳಬೇಕು.

1992ರಲ್ಲಿ ದೊಡ್ಡ ಸುದ್ದಿ ಹೊರಬಿತ್ತು: ಸೂಪರ್‌ಮ್ಯಾನ್ ಸಾಯುತ್ತಾನೆ! ನಿಜ ಸಂಗತಿ ಏನೆಂದರೆ, ಲೇಖಕರು ಅವನ ಮದುವೆ ಮಾಡಿಸಬೇಕೆಂದಿದ್ದರು. ಟಿವಿ ಧಾರಾವಾಹಿಯೊಂದು ಬರಲಿದ್ದ ಕಾರಣ ಮದುವೆ ಮುಂದೂಡಬೇಕಾಯಿತು, ಅದರ ಬದಲು ಸಾವಿನ ಕಥೆ ಬಂತು. ಆದರೆ ಪತ್ರಿಕೆ, ಟಿವಿಗಳಲ್ಲಿ ಇದು ನಿಜವಾದ ಸಾವಿನಂತೆ ಸುದ್ದಿಯಾಯಿತು. ನವೆಂಬರ್ 18ರಂದು 'ಸೂಪರ್‌ಮ್ಯಾನ್' 75ನೇ ಸಂಚಿಕೆ ಬಂದಾಗ ಅಂಗಡಿಗಳ ಮುಂದೆ ಸಾಲು ನಿಂತಿತು. ಕಪ್ಪು ಕವರಿನ ವಿಶೇಷ ಪ್ರತಿಯನ್ನು ಕೊಂಡವರಲ್ಲಿ ಅನೇಕರು ತೆರೆಯಲೇ ಇಲ್ಲ. ತೆರೆದರೆ ಬೆಲೆ ಹೋಗುತ್ತದಲ್ಲ!

ಈಗ ಮೇಲೆ ನೆನಪಿಡಿ ಎಂದ ಮಾತಿಗೆ ಬರೋಣ. ಲಕ್ಷಗಟ್ಟಲೆ ಜನ ಒಂದೇ ಪುಸ್ತಕವನ್ನು ಜೋಪಾನವಾಗಿ ಎತ್ತಿಟ್ಟರೆ ಅದು ಎಂದಾದರೂ ಅಪರೂಪವಾಗುತ್ತದೆಯೇ? ಮಾರುವವರೇ ಎಲ್ಲ, ಕೊಳ್ಳುವವರು ಯಾರು? ಸೂಪರ್‌ಮ್ಯಾನ್ ವರ್ಷ ತುಂಬುವ ಮೊದಲೇ ಬದುಕಿ ಬಂದ. 1993ರಲ್ಲಿ ಅವನ ಮರಳುವಿಕೆ ಶುರುವಾಗುವ ಸಂಚಿಕೆಯನ್ನು ಅಂಗಡಿಯವರು ಹಿಂದಿನ ಉತ್ಸಾಹದಲ್ಲೇ ರಾಶಿ ರಾಶಿ ತರಿಸಿದರು. ಹೋದ ಸಲ ಬಂದ ಜನ ಈ ಸಲ ಬರಲಿಲ್ಲ. ವಾಪಸ್ ಕೊಡುವ ಹಾಗಿಲ್ಲ. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ ವರ್ಷದ ಕೊನೆಗೆ ಅಂತಿಮ ದಾಸ್ತಾನು ಗೋದಾಮು ತುಂಬ ಇದೆ, ಆದರೆ ಅದರ ಮಾರುಕಟ್ಟೆ ಬೆಲೆ ಕೊಂಡ ಬೆಲೆಗಿಂತ ಎಷ್ಟೋ ಕೆಳಗಿದೆ. ಸಾಲ ಮಾಡಿ ಸರಕು ತಂದ ಸಣ್ಣ ಅಂಗಡಿಯವರು ಮೊದಲು ಮುಳುಗಿದರು.

ದೊಡ್ಡವರೂ ಉಳಿಯಲಿಲ್ಲ

ಮಾರ್ವೆಲ್ ಕಂಪನಿಯನ್ನು ರಾನ್ ಪೆರೆಲ್‌ಮನ್ ಎಂಬ ಉದ್ಯಮಿ 1989ರಲ್ಲಿ 8.25 ಕೋಟಿ ಡಾಲರ್‌ಗೆ ಕೊಂಡು, 1991ರಲ್ಲಿ ಶೇರುಗಳನ್ನು ಸಾರ್ವಜನಿಕರಿಗೆ ಮಾರಿದ್ದರು. ಮಾರುಕಟ್ಟೆ ಹೀಗೆಯೇ ಏರುತ್ತದೆ ಎಂದು ನಂಬಿ ಕಂಪನಿ ಸಾಲ ಮಾಡಿ ಕ್ರೀಡಾ ಕಾರ್ಡ್, ಸ್ಟಿಕ್ಕರ್ ಕಂಪನಿಗಳನ್ನು ಕೊಂಡಿತು. 1994ರ ಬೇಸ್‌ಬಾಲ್ ಆಟಗಾರರ ಮುಷ್ಕರದಿಂದ ಕಾರ್ಡ್ ವ್ಯಾಪಾರ ಬಿತ್ತು. ಅದೇ ವರ್ಷದ ಕೊನೆಗೆ ವಿತರಣಾ ಕಂಪನಿಯೊಂದನ್ನೂ ಕೊಂಡಿತು, ಅದೂ ಕೈ ಹಿಡಿಯಲಿಲ್ಲ. 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ಅಂದರೆ ಕಂಪನಿಗೆ ಬೀಗ ಬಿತ್ತು ಎಂದಲ್ಲ, ಸಾಲ ಕೊಟ್ಟವರಿಂದ ರಕ್ಷಣೆ ಪಡೆದು ನ್ಯಾಯಾಲಯದ ಕಣ್ಣಳತೆಯಲ್ಲಿ ವ್ಯವಹಾರ ಸರಿಪಡಿಸಿಕೊಳ್ಳುವುದು. 1998ರಲ್ಲಿ ಟಾಯ್ ಬಿಜ್ ಎಂಬ ಆಟಿಕೆ ಕಂಪನಿಯ ಜೊತೆ ಸೇರಿ ಅದು ಹೊರಬಂತು. 2009ರಲ್ಲಿ ಡಿಸ್ನಿ ಅದೇ ಮಾರ್ವೆಲ್ಲನ್ನು ಸುಮಾರು 400 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. ಆ ಬೆಲೆ ಬಂದದ್ದು ಪ್ಲಾಸ್ಟಿಕ್ ಕವರಿನಿಂದಲ್ಲ, ಪಾತ್ರಗಳಿಂದ ಮತ್ತು ಕ್ಲೇರ್‌ಮಾಂಟ್, ಕರ್ಬಿಯಂಥವರು ಕಟ್ಟಿದ ಕಥೆಗಳಿಂದ.

ಆದ್ದರಿಂದ ಎಲ್ಲ ತಪ್ಪನ್ನೂ ಅಭಿಮಾನಿಗಳ ಹರಟೆಯ ಮೇಲೆ ಹಾಕುವುದು ಸರಿಯಲ್ಲ. ಸಾಲ, ಅತಿಯಾದ ಉತ್ಪಾದನೆ, ವಿತರಣೆಯ ಗೊಂದಲ ಎಲ್ಲವೂ ಸೇರಿದವು. ಗಾಳಿಸುದ್ದಿ ಮಾಡಿದ್ದು ಇಷ್ಟೇ: ಬೇಡಿಕೆ ಇರುವುದಕ್ಕಿಂತ ದೊಡ್ಡದಾಗಿ ಕಾಣುವಂತೆ ಮಾಡಿತು.

ಓದುಗರಿಂದ ಬೆಳೆದ ಒಂದು ಪುಸ್ತಕ

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 2014ರಲ್ಲಿ 'ಮಿಸ್ ಮಾರ್ವೆಲ್' 1ನೇ ಸಂಚಿಕೆ ಬಂತು. ನಾಯಕಿ ಕಮಲಾ ಖಾನ್, ಜರ್ಸಿ ಸಿಟಿಯಲ್ಲಿ ಇರುವ ಪಾಕಿಸ್ತಾನಿ ಮೂಲದ ಕುಟುಂಬದ ಹುಡುಗಿ, ನಮ್ಮದೇ ವಯಸ್ಸಿನವಳು. ಸಂಪಾದಕಿ ಸನಾ ಅಮಾನತ್, ಲೇಖಕಿ ಜಿ. ವಿಲ್ಲೋ ವಿಲ್ಸನ್, ಚಿತ್ರಗಳು ಏಡ್ರಿಯನ್ ಅಲ್ಫೋನಾ ಅವರದ್ದು. ಮನೆಯಲ್ಲಿ ಅವಳು ಅಮ್ಮಿ, ಅಬ್ಬೂ ಎಂದು ಕರೆಯುವುದನ್ನು ಓದಿದಾಗ ನಮ್ಮ ಮನೆಯ ಮಾತೇ ಅಮೆರಿಕದ ಪುಸ್ತಕದಲ್ಲಿ ಇದೆಯಲ್ಲ ಎಂದು ನನಗೆ ಖುಷಿಯಾಗಿತ್ತು. ಮೊದಲ ಸಂಚಿಕೆ ಹಲವು ಬಾರಿ ಮರುಮುದ್ರಣವಾಯಿತು. ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು.

ಮರುಮುದ್ರಣವಾದರೆ ಎತ್ತಿಟ್ಟು ಮಾರುವವನ ಆಸೆಗೆ ಪೆಟ್ಟು. ಓದುವವನಿಗೆ ಅದರಿಂದ ಲಾಭವೇ, ಏಕೆಂದರೆ ಪುಸ್ತಕ ಮುಖಬೆಲೆಗೆ ಸಿಗುತ್ತದೆ. ಒಂದು ವಸ್ತುವಿನ ಬೇಡಿಕೆ ಬಳಸುವವರದ್ದೋ ಅಥವಾ ಮತ್ತೆ ಮಾರುವವರದ್ದೋ ಎಂದು ತಿಳಿಯಲು ಇದು ಒಳ್ಳೆಯ ಪರೀಕ್ಷೆ.

ನಮಗೇನು?

ಕಾಮಿಕ್ಸ್ ಓದದವರಿಗೂ ಈ ಕಥೆ ಬೇಕು. ಈ ಶೇರು ತಗೊಳ್ಳಿ, ಮುಂದಿನ ವಾರ ಡಬಲ್ ಆಗುತ್ತಂತೆ ಎಂಬ ಸಂದೇಶ ನಮ್ಮ ಮನೆಗಳ ವಾಟ್ಸಾಪ್‌ಗೂ ಬರುತ್ತದೆ. ಲಿಮಿಟೆಡ್ ಎಡಿಷನ್ ಶೂ, ಆನ್‌ಲೈನ್ ಕಾಯಿನ್, ಬಡಾವಣೆಯ ಸೈಟು, ಎಲ್ಲದರಲ್ಲೂ ಇದೇ 'ಅಂತೆ' ಇದೆ. ಅಂಥ ಮಾತು ಕಿವಿಗೆ ಬಿದ್ದಾಗ ಮೂರು ಪ್ರಶ್ನೆ ಕೇಳಿಕೊಳ್ಳಬಹುದು:

1. ಈ ಸುದ್ದಿ ಹರಡಿದರೆ ಲಾಭ ಯಾರಿಗೆ? ಹೇಳುವವನ ಬಳಿಯೇ ಮಾರಲು ಸರಕು ಇದೆಯೇ?
2. ನನ್ನ ಹಾಗೆ ಎಷ್ಟು ಜನ ಇದನ್ನೇ ಎತ್ತಿಡುತ್ತಿದ್ದಾರೆ?
3. ಸುದ್ದಿ ಸುಳ್ಳಾದರೆ ನಾನು ಕೊಂಡದ್ದು ನನಗೆ ಬೇರೆ ಯಾವ ಉಪಯೋಗಕ್ಕೆ ಬರುತ್ತದೆ?

ಮೂರನೆಯ ಪ್ರಶ್ನೆಗೆ ಕಾಮಿಕ್ಸ್ ಅಭಿಮಾನಿಯ ಬಳಿ ಸುಲಭದ ಉತ್ತರ ಇದೆ. ಬೆಲೆ ಬರದಿದ್ದರೂ ಕವರ್ ಹರಿದು ಓದಬಹುದು. ಶೇರಿಗೂ ಕಾಯಿನ್‌ಗೂ ಆ ಸೌಲಭ್ಯ ಇಲ್ಲ. ಆದ್ದರಿಂದ ಹಣ ಕೊಡುವ ಮೊದಲು, ಮನೆಯಲ್ಲಿ ಅಬ್ಬಾ ಅಥವಾ ಅಪ್ಪ ಯಾರಾದರೂ ಇಂಥ ಸಂದೇಶ ತೋರಿಸಿ ನೀನು ಕಾಮರ್ಸ್ ಓದುತ್ತಿದ್ದೀಯಲ್ಲ, ಏನು ಹೇಳ್ತೀಯ ಎಂದು ಕೇಳಿದಾಗ, ಈ ಮೂರು ಪ್ರಶ್ನೆಗಳನ್ನು ಅವರ ಮುಂದಿಡಿ. ನಾವು ಎರಡು ವರ್ಷ ಓದಿದ್ದು ಅಷ್ಟಕ್ಕಾದರೂ ಉಪಯೋಗಕ್ಕೆ ಬರಬೇಕು.