ಒಂದೇ ನೋಟಿನ ಮೇಲೆ ಇಬ್ಬರು ದೊರೆಗಳು

ಅರಸನು ಅಳಿದರೂ ಅವನ ಬೆಳ್ಳಿಯ ನಾಣ್ಯಕ್ಕೆ ಬೆಳ್ಳಿಯ ಬೆಲೆಯಾದರೂ ಉಳಿಯುತ್ತದೆ. ಅವನ ಹೆಸರಿನ ಕಾಗದದ ನೋಟಿನ ಗತಿಯೇನು? 1929ರಲ್ಲಿ ಕಾಬೂಲಿನ ಪೇಟೆಯ ಮುಂದೆ ಈ ಪ್ರಶ್ನೆ ನಿಂತಿತು.

ಅಫ್ಘಾನಿಸ್ತಾನದ ದೊರೆ ಅಮಾನುಲ್ಲಾ ಪಟ್ಟವೇರಿದ್ದೇ ಕಲಹದ ನಡುವೆ. 1919ರಲ್ಲಿ ತಂದೆಯ ಕೊಲೆಯಾದಾಗ ಚಿಕ್ಕಪ್ಪ ನಸ್ರುಲ್ಲಾ ಜಲಾಲಾಬಾದಿನಲ್ಲಿ ತಾನೇ ಅಮೀರನೆಂದು ಸಾರಿದನು. ಕಾಬೂಲಿನಲ್ಲಿದ್ದ ಅಮಾನುಲ್ಲಾನ ಕೈಯಲ್ಲಿಯೋ ಬೊಕ್ಕಸವೂ ಶಸ್ತ್ರಾಗಾರವೂ ಇದ್ದವು. ಪಟ್ಟವೂ ಅವನದೇ ಆಯಿತು. ಆ ನಾಡು ಕಾಗದದ ಹಣವನ್ನು ಕಂಡದ್ದು ಅವನ ಆಳ್ವಿಕೆಯಲ್ಲಿ. ಹಳೆಯ ಕಾಬೂಲಿ ರೂಪಾಯಿಯ ಜಾಗಕ್ಕೆ ನೂರು ಪೂಲ್‌ಗಳ 'ಅಫ್ಘಾನಿ'ಯನ್ನು ತಂದವನೂ ಅವನೇ. ಹೆಣ್ಣುಮಕ್ಕಳಿಗೆ ಶಾಲೆ ತೆರೆಸಿದನೆಂಬ ಕಾರಣಕ್ಕೆ, ಪಾಠ ಹೇಳುವ ನಮಗೆ ಅವನ ಮೇಲೆ ತುಸು ಮಮತೆಯುಂಟು, ಅವಸರಗಾರನೆಂಬುದನ್ನೂ ಒಪ್ಪಬೇಕು.

1928ರ ನವೆಂಬರಿನಲ್ಲಿ ಶಿನ್ವಾರಿ ಬುಡಕಟ್ಟಿನವರು ದಂಗೆಯೆದ್ದರು. ಉತ್ತರದಿಂದ ಹಬೀಬುಲ್ಲಾ ಕಲಕಾನಿ ಎಂಬ ದಂಗೆಕೋರನು ರಾಜಧಾನಿಯ ಮೇಲೆ ಏರಿಬಂದನು. ಜನ ಅವನನ್ನು 'ಬಚ್ಚಾ ಎ ಸಖಾವ್', ಎಂದರೆ ನೀರು ಹೊರುವವನ ಮಗ, ಎಂದು ಕರೆಯುತ್ತಿದ್ದರು. 1929ರ ಜನವರಿ 14ರಂದು ಅಮಾನುಲ್ಲಾ ಅಣ್ಣ ಇನಾಯತುಲ್ಲಾನಿಗೆ ಪಟ್ಟ ಬಿಟ್ಟು ಕಂದಹಾರಕ್ಕೆ ಹೊರಟನು. ಅಣ್ಣನ ದೊರೆತನ ಮೂರೇ ದಿನ. ಬ್ರಿಟಿಷರ ವಿಮಾನದಲ್ಲಿ ಅವನು ಪೆಶಾವರ ಸೇರಿದನು. ಒಂದು ವಾರ ಕಳೆಯುವಷ್ಟರಲ್ಲಿ ಕಾಬೂಲು ಮೂವರು ದೊರೆಗಳನ್ನು ಕಂಡಿತ್ತು!

ಹೊಸ ದೊರೆಗೆ ಸಿಪಾಯಿಗಳ ಸಂಬಳಕ್ಕೆ ಹಣ ಬೇಕು. ಹೊಸ ನೋಟು ಅಚ್ಚು ಹಾಕಿಸಿಕೊಂಡು ಕೂರುವ ವ್ಯವಧಾನವೆಲ್ಲಿ? ಓಡಿಹೋದವನ ನೋಟುಗಳಲ್ಲಿ ಕೆಲವನ್ನು ತೆಗೆದು, ಅವುಗಳ ಮೇಲೆಯೇ ತನ್ನ ಆಳ್ವಿಕೆಯ ಮುದ್ರೆ ಒತ್ತಿಸಿ ಚಲಾವಣೆಗೆ ಬಿಟ್ಟನು. ಕೆಳಗೆ ಸೋತವನ ಅಚ್ಚು, ಮೇಲೆ ಗೆದ್ದವನ ಮೊಹರು. ನಾಣ್ಯದಲ್ಲಿಯೂ ಅಫ್ಘಾನಿ ಹೋಗಿ ಮತ್ತೆ ರೂಪಾಯಿ ಬಂದಿತು. ಅಮಾನುಲ್ಲಾ ಬಳಸಿದ ಸೌರವರ್ಷ ಅಳಿದು ಹಿಜರಿ ಚಾಂದ್ರವರ್ಷ 1347 ಮೂಡಿತು. ಅಂಗಡಿಯವನ ಪಾಡನ್ನು ನೆನೆಯಿರಿ. ಮೊಹರಿನ ನೋಟು ಬೇಡವೆಂದರೆ ಇಂದಿನ ದೊರೆಯ ಮುನಿಸು, ಬೇಕೆಂದರೆ ನಾಳೆ ಯಾರು ಬರುವರೋ ಎಂಬ ಭಯ.

ಆ ಭಯ ಸುಳ್ಳಾಗಲಿಲ್ಲ. ಒಂಬತ್ತು ತಿಂಗಳಲ್ಲಿ ನಾದಿರ್ ಖಾನನ ಪಡೆ ಕಾಬೂಲನ್ನು ಹಿಡಿಯಿತು. ನವೆಂಬರ್ 1ರಂದು ಕಲಕಾನಿಗೆ ಮರಣದಂಡನೆಯಾಯಿತು. ಅಷ್ಟರಲ್ಲಿ ಅಮಾನುಲ್ಲಾ ಮುಂಬಯಿಯ ಹಾದಿಯಾಗಿ ಇಟಲಿ ಸೇರಿದ್ದನು. ಮುಂಬಯಿಯಲ್ಲಿ ಹುಟ್ಟಿದ ಮಗಳಿಗೆ ಈ ನೆಲದ ನೆನಪಿಗೆ 'ಹಿಂದಿಯಾ' ಎಂದು ಹೆಸರಿಟ್ಟನು.

ತೆಲಂಗಾಣದ ಈ ಗಡಿಯೂರುಗಳಲ್ಲಿ ನಮ್ಮ ಹಿರಿಯರೂ ದೊರೆತನ ಬದಲಾದುದನ್ನು ಕಂಡವರೇ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದ ಮೇಲೂ ಹಾಲಿ ಸಿಕ್ಕಾ ಕೆಲವು ವರ್ಷ ನಡೆದು, 1959ರಲ್ಲಿ ನಿಂತಿತು. ಏಳು ಹಾಲಿ ರೂಪಾಯಿಗೆ ಆರು ಕಲದಾರ್ ಎಂಬ ಲೆಕ್ಕವನ್ನು ನಮ್ಮ ಅಜ್ಜಿ ಬೆರಳೆಣಿಸಿ ಹೇಳುತ್ತಿದ್ದರು. ಬದಲಾಯಿಸಲು ಮರೆತ ಒಂದು ಹಾಲಿ ನೋಟು ಅವರ ತಗಡಿನ ಪೆಟ್ಟಿಗೆಯ ತಳದಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ ಇಂದಿಗೂ ಇದೆ.